ಅಳಿವೆಯ ನೀರು ಕೇಳದೆ ಬರೆದ ಟ್ರಿಪ್ ಶೀಟು

ಶಿವಮೊಗ್ಗದಲ್ಲಿ ಕುಳಿತು ಗಂಗೊಳ್ಳಿಯ ಬೋಟಿಗೆ ರಾತ್ರಿಯ ಕಸುಬಿನ ತಯಾರಿ ಮಾಡಿಸುವುದು ನನ್ನ ಕೆಲಸ. ನಮ್ಮದು ಮೀನಿನ ಸಗಟು ವ್ಯಾಪಾರ. ನಮ್ಮ ಯಜಮಾನರಿಗೆ ಅಲ್ಲಿನ ಒಂದು ಬೋಟಿನಲ್ಲಿ ಪಾಲಿದೆ. ಸಂಜೆ ಹೊರಟು, ಕತ್ತಲಾಗುವ ಹೊತ್ತಿಗೆ ಆಳದಲ್ಲಿ ಬಲೆ ಬಿಟ್ಟು, ನಡುರಾತ್ರಿ ಕಳೆದ ಮೇಲೆ ಎಳೆದು, ಬೆಳಗಾಗುವಾಗ ಮೀನು ಇಳಿಸುವ ದಕ್ಕೆಗೆ ಬರುವ ಬೋಟು ಅದು. ಡೀಸೆಲ್, ಐಸು, ಕ್ರೇಟು, ರೇಷನ್ನು, ಬೋಟಿನಲ್ಲಿ ದುಡಿಯುವ ಕಲಾಸಿಗಳ ಗುರುತಿನ ಚೀಟಿ ಇವನ್ನೆಲ್ಲ ಹೊಂದಿಸಿ ಟ್ರಿಪ್ ಶೀಟು ಬರೆಯುವವನು ನಾನು. ಆ ಶೀಟಿನಂತೆ ಗಾಡಿಯನ್ನು ಘಾಟಿಯ ಕೆಳಗೆ ಕಳಿಸುವವನೂ ನಾನೇ. ಒಂದು ಚಳಿಗಾಲದ ಅಮಾವಾಸ್ಯೆಯ ಆಸುಪಾಸಿನಲ್ಲಿ ನಡೆದ ಸಂಗತಿ ಇಂದಿಗೂ ಮನಸ್ಸನ್ನು ಚುಚ್ಚುತ್ತಿರುವುದರಿಂದ, ಇಂಥ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲು ನಮ್ಮ ಶೀಟಿನ ವಿಷಯ ಹೇಳಬೇಕು. ಅದನ್ನು ಮಾಡಿಸಿದವರು ಲಾರಿಗಳ ಲೆಕ್ಕಕ್ಕೆಂದು ಇದ್ದ ಎಕ್ಸೆಲ್ ಫೈಲನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ ಬೋಟಿಗೂ ಹಚ್ಚಿದ್ದರು. ಗಾಡಿ ದಕ್ಕೆ ತಲುಪುವ ಸಮಯವನ್ನು ತುಂಬದಿದ್ದರೆ ಆ ಫೈಲು ಸೇವ್ ಆಗುವುದೇ ಇಲ್ಲ. ಸಮುದ್ರದ ಇಳಿತ ಎಷ್ಟು ಗಂಟೆಗೆ ಎಂದು ಬರೆಯಲು ಅದರಲ್ಲಿ ಒಂದು ಕಾಲಮ್ಮೂ ಇರಲಿಲ್ಲ. ಕೇಳಿದಾಗಲೆಲ್ಲ ‘ಮುಂದಿನ ತಿಂಗಳು ಮಾಡಿಸೋಣ’ ಎಂಬ ಉತ್ತರ ಸಿಗುತ್ತಿತ್ತು. ಕಾಲಮ್ಮಿನಲ್ಲಿ ಇಲ್ಲದ್ದು ದಿನ ಕಳೆದಂತೆ ಬರೆಯುವವನ ತಲೆಯಿಂದಲೂ ಹೊರಟುಹೋಗುತ್ತದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಉಳಿದ ತಯಾರಿಯಲ್ಲಿ ನಾವು ಹಿಂದೆ ಬಿದ್ದವರಲ್ಲ. ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನೂ ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕೋಯಿಸ್ ಕೊಡುವ ಅಲೆಗಳ ಮುನ್ಸೂಚನೆಯನ್ನೂ ಮಧ್ಯಾಹ್ನವೇ ನೋಡುತ್ತೇವೆ. ಗಾಳಿ ಗಂಟೆಗೆ 45 ಕಿಲೋಮೀಟರ್ ಮುಟ್ಟುವ ಸೂಚನೆ ಇದ್ದರೆ ಆ ರಾತ್ರಿಯ ಶೀಟನ್ನು ಬರೆಯುವುದೇ ಇಲ್ಲ. ಡೀಸೆಲನ್ನು ಹೋಗಲು ಒಂದು ಪಾಲು, ಬರಲು ಒಂದು ಪಾಲು, ಮುಟ್ಟದೆ ಉಳಿಸಲು ಒಂದು ಪಾಲು ಎಂಬಂತೆ ತುಂಬಿಸುತ್ತೇವೆ. ವಿಎಚ್‌ಎಫ್ ರೇಡಿಯೋ ಸೆಟ್ಟನ್ನು 16ನೇ ಚಾನೆಲ್ಲಿನಲ್ಲಿ ಪರೀಕ್ಷಿಸಿ, ಕರಾವಳಿ ರಕ್ಷಣಾ ಪಡೆಯ 1554 ಸಹಾಯವಾಣಿ ಸಂಖ್ಯೆಯನ್ನು ವೀಲ್‌ಹೌಸಿನ, ಎಂದರೆ ಚುಕ್ಕಾಣಿ ಕೋಣೆಯ, ಹಲಗೆಯ ಮೇಲೆ ಬಣ್ಣದಲ್ಲಿ ಬರೆಸಿದ್ದೇವೆ. ರಾತ್ರಿ ಬಲೆ ಬಿಟ್ಟು ತೇಲುವ ಬೋಟಿಗೆ ದೊಡ್ಡ ಹಡಗುಗಳ ಭಯ ಇದ್ದೇ ಇರುತ್ತದೆ. ಆದ್ದರಿಂದ ಟ್ರಾಲ್ ಎಳೆಯುವವರು ಮೇಲೆ ಹಸಿರು ಕೆಳಗೆ ಬಿಳಿ, ನಮ್ಮಂತೆ ಬೇರೆ ಬಲೆಯವರು ಮೇಲೆ ಕೆಂಪು ಕೆಳಗೆ ಬಿಳಿ ದೀಪ ಹಾಕಬೇಕೆಂಬ ನಿಯಮವನ್ನು ತಪ್ಪಿಸುವುದಿಲ್ಲ. ಪ್ರಖರ ದೀಪ ಬೆಳಗಿಸಿ ಮೀನನ್ನು ಸೆಳೆಯುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದೆ. ನಾವು ಆ ಗೋಜಿಗೆ ಹೋದವರಲ್ಲ.

ಆದರೆ ಇಷ್ಟೆಲ್ಲ ಮಾಡಿಯೂ ಅಳಿವೆಯನ್ನು, ಎಂದರೆ ಬೋಟು ದಾಟಿ ಒಳಬರಬೇಕಾದ ನದಿಯ ಬಾಯಿಯನ್ನು, ಲೆಕ್ಕಕ್ಕೆ ಹಿಡಿಯದೆ ಬಿಟ್ಟರೆ ಏನೂ ಮಾಡಿದಂತಾಗುವುದಿಲ್ಲ. ನಮ್ಮ ಹೊಸನಗರ ಸೀಮೆಯ ಘಟ್ಟದ ಮಳೆ ವಾರಾಹಿ, ಚಕ್ರಾ ನದಿಗಳಲ್ಲಿ ಇಳಿದು ಸೌಪರ್ಣಿಕೆಯ ಜೊತೆಗೆ ಸಮುದ್ರ ಸೇರುವುದು ಇದೇ ಗಂಗೊಳ್ಳಿಯಲ್ಲಿ. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಮುಗಿದು ಬೋಟು ಇಳಿಸುವಾಗ, ಹಿಂದಿನ ವರ್ಷ ಆಳವಿದ್ದ ಕಡೆ ಹೂಳು ಕುಳಿತಿರುತ್ತದೆ, ಹೂಳಿದ್ದ ಕಡೆ ದಾರಿ ಬಿದ್ದಿರುತ್ತದೆ. ಇದರ ಮೇಲೆ ಚಂದ್ರನ ಲೆಕ್ಕ ಬೇರೆ. ಬೆಳದಿಂಗಳಿದ್ದರೆ ಮೀನಿಗೆ ಬಲೆ ಕಾಣುತ್ತದೆ ಎಂದು ಬೋಟಿನವರು ಕತ್ತಲ ರಾತ್ರಿಗಳನ್ನೇ ಬಯಸುತ್ತಾರೆ. ಅಮಾವಾಸ್ಯೆಯ ಸುತ್ತಮುತ್ತಲೇ ಉಬ್ಬರ ಹೆಚ್ಚು ಏರುತ್ತದೆ, ಇಳಿತವೂ ಹೆಚ್ಚು ಇಳಿಯುತ್ತದೆ. ಒಳ್ಳೆಯ ಮೀನು ಸಿಗುವ ರಾತ್ರಿಯ ಮಾರನೆಯ ದಿನವೇ ಅಳಿವೆಯಲ್ಲಿ ನೀರು ತೀರ ಕಡಿಮೆಯಾಗುವ ಸಂಭವವಿದೆ ಎಂದಾಯಿತು. ಮೇಲಾಗಿ ಇಳಿತದ ನೀರು ಹೊರಮುಖವಾಗಿ ಹರಿಯುತ್ತ ಒಳಬರುವ ಅಲೆಗೆ ಎದುರಾದಾಗ ಅಲೆ ನಿಮಿರಿ ಒಡೆಯುತ್ತದೆ. ಆಳವೂ ಇಲ್ಲ, ಅಲೆಯೂ ಕೆಟ್ಟದ್ದು ಎಂಬ ಹೊತ್ತು ಅದು.

ಆ ರಾತ್ರಿಯ ಶೀಟಿನಲ್ಲಿ ನಾನು ಬರೆದದ್ದು ಹೀಗೆ: ಸಂಜೆ 4ಕ್ಕೆ ಹೊರಡುವುದು, ಬೆಳಗಿನ 5ಕ್ಕೆ ಅಳಿವೆ, 5.30ಕ್ಕೆ ದಕ್ಕೆ, 11ರೊಳಗೆ ಶಿವಮೊಗ್ಗ. ಐಸು 600 ಕಿಲೋ, 50 ಕಿಲೋದ 12 ಬ್ಲಾಕುಗಳನ್ನು ಒಡೆಸಿ ತುಂಬಿದ್ದು. ಹಿಂದಿನ ವಾರ ಬಂದ ಮೀನು ನೋಡಿ ಹಾಕಿದ ಲೆಕ್ಕ ಅದು. ಯಜಮಾನರು ‘ಐಸು ಕರಗಿಸೋಕೆ ದುಡ್ಡು ಕೊಡಬೇಡ’ ಎಂದಿದ್ದರಿಂದ ಮೇಲೊಂದು ಬ್ಲಾಕು ಸೇರಿಸಲೂ ಕೈ ಬರಲಿಲ್ಲ. ಬೋಟು ಬಿಡುವಾಗ ಅದನ್ನು ನಡೆಸುವ ತಾಂಡೇಲರು ಫೋನಿನಲ್ಲಿ ‘ನೀರ್ ಕಂಡ್ಕಂಡ್ ಬತ್ತೆ ರೈಟ್ರೆ’ (ನೀರು ನೋಡಿಕೊಂಡು ಬರುತ್ತೇನೆ) ಎಂದಿದ್ದರು. ಅದರಲ್ಲಿ ನನಗೊಂದು ಸೂಚನೆ ಇತ್ತು. ನಾನು ಹೊರಡುವವರ ಉಪಚಾರದ ಮಾತೆಂದುಕೊಂಡು ಫೋನಿಟ್ಟೆ. ಗಾಡಿ ನಡುರಾತ್ರಿಗೆ ಹೊರಟು ತೀರ್ಥಹಳ್ಳಿ, ಯಡೂರು, ಮಾಸ್ತಿಕಟ್ಟೆ ಹಾದು, ಹುಲಿಕಲ್ಲಿನ ಮಂಜಿನಲ್ಲಿ ತೆವಳುತ್ತ ಬಾಳೆಬರೆ ಘಾಟಿ ಇಳಿಯಿತು.

ಬೆಳಗಿನ ಜಾವ 4.50ರ ಸುಮಾರಿಗೆ ಬೋಟು ಟವರಿನ ವ್ಯಾಪ್ತಿಗೆ ಬಂದು ಫೋನು ಹೊಡೆಯಿತು. ಅಂದಾಜು 1,100 ಕಿಲೋ ಬಂಗುಡೆ ಎಂದು ಕೇಳಿ ನಾನು ಸಂತೋಷದಿಂದ ಗಿರಾಕಿಗಳ ಹೆಸರು ಬರೆದುಕೊಳ್ಳಲು ತೊಡಗಿದೆ. ಅಷ್ಟರಲ್ಲಿ ತಾಂಡೇಲರು, ‘ನೀರ್ ಏರ್ದೆ ಒಳಗ್ ಬಪ್ಪುಕ್ ಆತ್ತಿಲ್ಲೆ ಮಾರಾಯ್ರೆ, ಎಂಟ್ ಗಂಟಿ ಆತ್ತ್’ ಎಂದರು. ಇಳಿತ 5.40ಕ್ಕೆ ಇತ್ತು. ನಾನು ಬರೆದ 5 ಗಂಟೆ ಎಂದರೆ ನೀರು ಇನ್ನೂ ಇಳಿಯುತ್ತಿರುವ ಹೊತ್ತು. ಯಜಮಾನರನ್ನು ಕಾನ್ಫರೆನ್ಸಿಗೆ ಹಾಕಿದೆ. ‘ಬೇರೆ ಬೋಟುಗಳು ಬರ್ತಿಲ್ವೇನಯ್ಯಾ? ನಿಧಾನಕ್ಕೆ ಬರೋಕೆ ಹೇಳು, ಭದ್ರಾವತಿಯವರು ಕಾಯ್ತಾರೆ’ ಎಂದರು ಅವರು. ಒಳಬರುತ್ತಿದ್ದವು ಸಣ್ಣ ದೋಣಿಗಳು. ಅವುಗಳಿಗೆ ಬೇಕಾಗುವ ನೀರೇ ಬೇರೆ, ನಮ್ಮ ಬೋಟಿಗೆ ಬೇಕಾಗುವ ನೀರೇ ಬೇರೆ. ತಾಂಡೇಲರು ಉತ್ತರ ಕೊಡದೆ ಸುಮ್ಮನಿದ್ದರು. ಆ ಮೌನವನ್ನು ತುಂಬಲು ನಾನು ಆಡಿದ ಮಾತು ‘ಸ್ವಲ್ಪ ಹತ್ತಿರ ಬಂದು ನೋಡಿ’ ಎಂಬುದು.

ಸಮುದ್ರದಿಂದ ನೂರೈವತ್ತು ಕಿಲೋಮೀಟರ್ ದೂರದಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಕುರ್ಚಿಯಲ್ಲಿ ಕುಳಿತವನು ಕತ್ತಲಲ್ಲಿ ಒಡೆಯುವ ಅಲೆಯ ಎದುರು ನಿಂತವರಿಗೆ ಹೇಳಬಾರದ ಮಾತು ಅದು. ತಾಂಡೇಲರು ಫೋನನ್ನು ಕಡಿಯದೆ ಕಿಸೆಗಿಟ್ಟುಕೊಂಡರು. ಇಂಜಿನ್ನಿನ ಸದ್ದು ಮೆಲ್ಲಗಾಗುವುದು, ಯಾರೋ ಮುಂದಿನಿಂದ ಕೂಗಿ ಹೇಳುವುದು, ಆಮೇಲೆ ಮರವನ್ನು ನೆಲಕ್ಕೆ ಎಳೆದಂಥ ಒಂದು ಶಬ್ದ. ಅಡಿ ಮರಳಿಗೆ ತಾಗಿತ್ತು. ಇಂಜಿನ್ನು ಒಮ್ಮೆಲೇ ಜೋರಾಯಿತು, ಕ್ರೇಟುಗಳು ಜಾರಿ ಒಂದಕ್ಕೊಂದು ಬಡಿದದ್ದು ಕೇಳಿಸಿತು, ಬಳಿಕ ಅಲೆಯ ಸದ್ದೊಂದನ್ನು ಬಿಟ್ಟು ಬೇರೇನೂ ಕೇಳಿಸಲಿಲ್ಲ. ನಾನು ‘ಹಲೋ, ಹಲೋ’ ಎನ್ನುತ್ತಲೇ ಇದ್ದೆ. ಯಜಮಾನರು ಆ ಕಡೆ ಒಂದಕ್ಷರ ಆಡಲಿಲ್ಲ. ಎಷ್ಟು ನಿಮಿಷ ಹಾಗೆ ಕಳೆಯಿತೋ ಹೇಳಲಾರೆ. ಮುಂದಿನ ಅಲೆ ಬೋಟನ್ನು ಎತ್ತಿದ ಕ್ಷಣವನ್ನೇ ಹಿಡಿದು ತಾಂಡೇಲರು ರಿವರ್ಸಿನಲ್ಲಿ ಆಳಕ್ಕೆ ಸರಿಸಿದ್ದರು. ‘ಹೊರಗ್ ಬಂದ್ಯೊ’ ಎಂಬ ಅವರ ದನಿ ಕೇಳಿದ ಮೇಲೆಯೇ ನಾನು ಉಸಿರು ಬಿಟ್ಟದ್ದು.

ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆಮೇಲೆ ತಿಳಿದ ಇನ್ನೊಂದು ಸಂಗತಿ ಇದಕ್ಕಿಂತ ಕಹಿಯಾದದ್ದು: ಆ ಹೊತ್ತಿನಲ್ಲಿ ಒಬ್ಬರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ಶೀಟಿನಲ್ಲಿ ‘ಲೈಫ್ ಜಾಕೆಟ್: ಇದೆ’ ಎಂದು ಟಿಕ್ಕು ಹಾಕಿದ್ದೆ. ಇದ್ದವು ನಿಜ, ಹಗ್ಗದಲ್ಲಿ ಕಟ್ಟು ಕಟ್ಟಿ ಖಾಲಿ ಕ್ರೇಟುಗಳ ಹಿಂದೆ. ಕ್ರೇಟು ತುಂಬಿದ ಮೇಲೆ ಅವುಗಳನ್ನು ಎಳೆಯಲು ಅರ್ಧ ಮೀನು ಸರಿಸಬೇಕಿತ್ತು. ಕ್ರೇಟನ್ನು ಎಲ್ಲಿ ಜೋಡಿಸಬೇಕೆಂದು ಬರೆದವನೂ ನಾನೇ.

ಇನ್ನು ಐಸಿನ ವಿಚಾರ. 30 ಡಿಗ್ರಿ ಬೆಚ್ಚಗಿರುವ ಒಂದು ಕಿಲೋ ಮೀನನ್ನು ಸೊನ್ನೆ ಡಿಗ್ರಿಗೆ ಇಳಿಸಲು ಲೆಕ್ಕದ ಪ್ರಕಾರ ಕಿಲೋದ ಮೂರನೇ ಒಂದು ಭಾಗದಷ್ಟು ಐಸು ಸಾಕು. ಆದರೂ ನಮ್ಮ ಹವೆಯಲ್ಲಿ ಕಿಲೋಗೆ ಕಿಲೋ ಹಾಕಬೇಕೆನ್ನುವುದು ಏಕೆಂದರೆ, ಉಳಿದ ಐಸು ಗಾಳಿಯ ಬಿಸಿ, ಹಲಗೆಯ ಬಿಸಿ, ಹಾಗೂ ಕಾಯುವ ಗಂಟೆಗಳನ್ನು ತಡೆಯಬೇಕು. ಐಸಿನ ಹೆಚ್ಚಿನ ಪಾಲನ್ನು ನಾವು ಕೊಳ್ಳುವುದು ಸಮಯಕ್ಕಾಗಿಯೇ. 600 ಕಿಲೋ ಐಸಿನಲ್ಲಿ 1,100 ಕಿಲೋ ಮೀನು ಹೇಗೋ ತಣ್ಣಗಾಗಬಹುದಿತ್ತು, ಆದರೆ ಬಿಸಿಲೇರುವ ತನಕ ಹೊರಗೆ ನಿಲ್ಲಲಾಗುತ್ತಿರಲಿಲ್ಲ. ತಾಂಡೇಲರು ಇದ್ದ ಐಸನ್ನೆಲ್ಲ ಕೆಳಗಿನ ಕ್ರೇಟುಗಳಿಗೆ ಕೊಟ್ಟು, ಮೇಲಿನವುಗಳಿಗೆ ಒದ್ದೆ ಗೋಣಿ ಹೊದಿಸಿ ಕಾದರು. ಎಲ್ಲದಕ್ಕೂ ಸ್ವಲ್ಪಸ್ವಲ್ಪ ಹಂಚಿದ್ದರೆ ಎಲ್ಲವೂ ಕೆಡುತ್ತಿತ್ತು.

ಎಂಟು ಗಂಟೆ ದಾಟಿ ದಕ್ಕೆ ಮುಟ್ಟಿದಾಗ ಡ್ರೈವರು ಕಳಿಸಿದ ಫೋಟೋಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಕೆಳಗಿನ ಕ್ರೇಟಿನ ಬಂಗುಡೆಯ ಬೆನ್ನಿನ ಮೇಲೆ ನೀಲಿ-ಹಸಿರು ಪಟ್ಟೆ ಮಿರುಗುತ್ತಿದೆ, ಕಣ್ಣು ಉಬ್ಬಿ ತಿಳಿಯಾಗಿದೆ, ಬಾಲ ಹಿಡಿದೆತ್ತಿದರೆ ಮೈ ಸೆಟೆದು ನಿಂತಿದೆ. ಮೇಲಿನ ಕ್ರೇಟಿನದ್ದರ ಹೊಟ್ಟೆ ಒಡೆದಿದೆ, ಕಿವಿರು ಕಂದಿದೆ, ಬೆರಳೊತ್ತಿದ ಗುಳಿ ಹಾಗೆಯೇ ಉಳಿದಿದೆ. ಎರಡನ್ನೂ ಬೆರೆಸಿ ಕಳಿಸೋಣವೆಂಬ ಮಾತು ಮೇಲಿನಿಂದ ಬಂತು. ಬೆಚ್ಚಗೆ ಬಿದ್ದ ಬಂಗುಡೆಯಲ್ಲಿ ಹುಟ್ಟುವ ಹಿಸ್ಟಮಿನ್ ಎಂಬ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ, ತಿಂದವರ ಮೈಯೆಲ್ಲ ಕೆಂಪಾಗಿ ವಾಂತಿಗೆ ತಿರುಗೀತು ಎಂದು ಹೇಳಿ ನಾನು ಒಪ್ಪಲಿಲ್ಲ. ಸುಮಾರು 350 ಕಿಲೋ ಅಲ್ಲಿಯೇ ಫಿಶ್‌ಮೀಲಿನ, ಎಂದರೆ ಮೀನು ಹುಡಿ ಮಾಡುವವರ, ದರಕ್ಕೆ ಹೋಯಿತು. ಉಳಿದದ್ದು ಮಧ್ಯಾಹ್ನ ಶಿವಮೊಗ್ಗ ತಲುಪುವಾಗ ಗಿರಾಕಿಗಳಲ್ಲಿ ಅರ್ಧ ಮಂದಿ ಹೊರಟುಹೋಗಿದ್ದರು.

ಈಗ ಶೀಟು ಬರೆಯಲು ಕುಳಿತಾಗ ಮೊದಲು ತಾಂಡೇಲರಿಗೆ ಫೋನು ಮಾಡಿ, ನಾಳೆ ಎಷ್ಟು ಗಂಟೆಗೆ ಅಳಿವೆಯಲ್ಲಿ ಬೋಟಿಗೆ ಬೇಕಾದಷ್ಟು ನೀರಿರುತ್ತದೆ ಎಂದು ಕೇಳುತ್ತೇನೆ. ಅವರು ಹೇಳಿದ ಗಂಟೆಯಿಂದ ಹಿಂದಕ್ಕೆ ಎಣಿಸಿ ಬಲೆ ಎಳೆಯುವ ಹೊತ್ತು, ಹೊರಡುವ ಹೊತ್ತು, ಐಸು ತುಂಬುವ ಹೊತ್ತು ಗೊತ್ತುಮಾಡುತ್ತೇವೆ. ಗಾಡಿಯ ಸಮಯ ಎಲ್ಲಕ್ಕಿಂತ ಕೊನೆಗೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ನಿನ್ನೆಯ ಶೀಟನ್ನು ಕಾಪಿ ಮಾಡುವ ಅಭ್ಯಾಸ ನಿಂತಿದೆ. ಜಾಕೆಟ್ಟುಗಳು ವೀಲ್‌ಹೌಸಿನ ಬಾಗಿಲ ಪಕ್ಕದ ಮೊಳೆಗಳಲ್ಲಿ ತೂಗುತ್ತವೆ, ಅಳಿವೆ ದಾಟುವಾಗ ಹೋಗುತ್ತಲೂ ಬರುತ್ತಲೂ ಮೈಮೇಲಿರಬೇಕು. ಬೋಟು ಅಳಿವೆಯ ಹತ್ತಿರ ಇರುವಾಗ ಶಿವಮೊಗ್ಗದಿಂದ ಯಾರೂ, ಯಜಮಾನರೂ ಸೇರಿ, ಫೋನು ಮಾಡಕೂಡದು; ಒಳಬರುವುದೋ ನಿಲ್ಲುವುದೋ ತಾಂಡೇಲರ ತೀರ್ಮಾನ. ಇದನ್ನು ಯಜಮಾನರಿಂದ ಒಪ್ಪಿಸಲು ನನಗೆ ಬಹಳ ದಿನ ಹಿಡಿಯಿತು, ಆದರೆ ಒಪ್ಪಿದ ಮೇಲೆ ಅವರು ಮೀರಿಲ್ಲ.

ಇಳಿತದ ಕಾಲಮ್ಮು ಮಾತ್ರ ಫೈಲಿನಲ್ಲಿ ಇನ್ನೂ ಬಂದಿಲ್ಲ. ‘ಷರಾ’ ಎಂಬ ಕಡೆ ಕೆಂಪಕ್ಷರದಲ್ಲಿ ಬರೆಯುತ್ತೇನೆ. ಕಾಯುವ ಗಂಟೆಗಳಿಗೆಂದು ಹಾಕಿಸುವ ಹೆಚ್ಚುವರಿ ಐಸಿನ ಬಿಲ್ಲು ಬೋಟಿನ ಪಾಲುದಾರರ ಲೆಕ್ಕಕ್ಕೋ ನಮ್ಮ ಅಂಗಡಿಯ ಲೆಕ್ಕಕ್ಕೋ ಎಂಬ ತಕರಾರು ಪ್ರತಿ ಅಮಾವಾಸ್ಯೆಗೂ ಏಳುತ್ತದೆ, ತೀರ್ಮಾನವಾಗುವ ತನಕ ಐಸ್ ಪ್ಲಾಂಟಿನವರು ಅದನ್ನು ನನ್ನ ಹೆಸರಿನಲ್ಲಿಯೇ ಬರೆದುಕೊಳ್ಳುತ್ತಿದ್ದಾರೆ.