ಅಕ್ಕೋರ ಕಾರ್ಡಿಗೆ ಒಂದು ಸಾಲು

16 ನವೆಂಬರ್ 2024, ಶನಿವಾರ
ನವನಗರ, ಬಾಗಲಕೋಟೆ

ನಾಳೆ ಅಕ್ಕೋರ ಮನೆಗೆ ಹೋಗಬೇಕು. ಅವರಿಗೆ 75 ತುಂಬಿತು. ಹಳೇ ಊರಿನ ಶಾಲೆಯಲ್ಲಿ ಅವರ ಕೈಯಲ್ಲಿ ಕಲಿತ ನಾವು ಹನ್ನೊಂದು ಜನ ಸೇರಿ ಇಳಕಲ್ ಸೀರೆ ತಂದಿದ್ದೇವೆ, ಟೋಪ್ ತೆನಿ ಸೆರಗಿನದು. ಜೊತೆಗೊಂದು ಕಾರ್ಡು. ಅವರು ಕಲಿಸಿದ್ದು ಇಂಗ್ಲಿಷ್, ಹಾಗಾಗಿ ಸಾಲೂ ಇಂಗ್ಲಿಷಿನಲ್ಲೇ ಇರಲಿ ಅಂತ ಎಲ್ಲರೂ ಹೇಳಿ, ಬರೆಯುವ ಕೆಲಸ ನನಗೆ ಕೊಟ್ಟರು.

ಸಂಜೆಯಿಂದ ಅದಕ್ಕೇ ಕೂತಿದ್ದೇನೆ. ಮೊದಲು ‘ನೈಸ್ ಟೀಚರ್’ ಅಂತ ಬರೆದೆ. ಹೊಡೆದು ಹಾಕಿದೆ. ಚಹಾಕ್ಕೂ ನೈಸ್, ಅಂಗಿಗೂ ನೈಸ್. ಅದರ ಮೂಲವಾದ ಲ್ಯಾಟಿನ್ ಪದಕ್ಕೆ ‘ಏನೂ ತಿಳಿಯದವನು’ ಎಂಬ ಅರ್ಥವಿತ್ತು. ಅಕ್ಕೋರಿಗೆ ಅದು ಬೇಡವೇ ಬೇಡ.

‘ಕೈಂಡ್’ ಒಳ್ಳೆಯ ಪದ. ‘ಕಿನ್’ ಅಂದರೆ ಬಂಧುಬಳಗ, ಎರಡೂ ಒಂದೇ ಬೇರಿನವು. ನಮ್ಮವರು ಅಂದುಕೊಂಡು ನಡೆಸಿಕೊಳ್ಳುವುದು. ನಮ್ಮ ಕಡೆ ‘ಭಾಳ ಅಂತಃಕರಣದ ಮನಷ್ಯಾ’ ಅಂತೀವಲ್ಲ, ಅದಕ್ಕೆ ಹತ್ತಿರ. ‘ಹೆಲ್ಪ್‌ಫುಲ್’ ಅಂದರೆ ಏನಾದರೂ ಮಾಡಿಕೊಟ್ಟವರು. ಅಕ್ಕೋರು ನೋಟ್‌ಬುಕ್ ಕೊಡಿಸಿದ್ದಾರೆ, ಹೌದು, ಆದರೆ ಅಷ್ಟೇ ಅಲ್ಲ. ‘ಸಪೋರ್ಟ್’ ಪದದ ಮೂಲದಲ್ಲಿ ಇರುವುದು ಕೆಳಗಿನಿಂದ ಎತ್ತಿ ಹೊರುವ ಅರ್ಥ. ಹಾಗಾದರೆ ‘ಸಪೋರ್ಟಿವ್’ ಅಂದರೆ ಹೊರಟವರ ಭಾರಕ್ಕೆ ಹೆಗಲು ಕೊಡುವವರು. ನಾವು ಹೊರಟೇ ಇರಲಿಲ್ಲ ಅಲ್ವಾ?

ಐದನೇ ತರಗತಿ. ಎದ್ದು ನಿಂತು ಓದುವ ಸರದಿ ನನ್ನದು. ‘ನೈಫ್’ ಬಂತು. ನಾನು ‘ಕ್ನೈಫ್’ ಅಂದೆ. ಇಡೀ ಕ್ಲಾಸು ನಕ್ಕಿತು. ಪುಸ್ತಕ ಮುಚ್ಚಿ ಕೂರಲು ಹೋದೆ. ಅಕ್ಕೋರು ಹತ್ತಿರ ಬಂದು ‘ಕೆ’ ಅಕ್ಷರದ ಮೇಲೆ ಬೆರಳಿಟ್ಟರು. “ಹಿಂದಕ ಇಂಗ್ಲಂಡಿನ ಮಂದಿನೂ ನಿನ್ನಂಗ ಅಂತಿದ್ರು. ಆಮ್ಯಾಲ ಈ ‘ಕೆ’ ಸುಮ್ನಾತು. ನೀ ಸುಮ್ನಾಗಬ್ಯಾಡ, ಮುಂದ ಓದು.”

ಓದಿದೆ. ದನಿ ನಡುಗುತ್ತಿತ್ತು. ಪುಟ ಮುಗಿಯುವ ತನಕ ಅವರ ಬೆರಳು ಸಾಲಿನ ಕೆಳಗೆ ಸರಿಯುತ್ತಾ ಬಂತು. ಬೆರಳಿನ ಸೀಮೆಸುಣ್ಣ ಪುಟದ ಮೇಲೆ ಬಿಳಿ ಗೆರೆಯಾಗಿ ಉಳಿಯಿತು. ಆ ಗೆರೆ ಒರೆಸಲು ನಾನು ಯಾರಿಗೂ ಬಿಡಲಿಲ್ಲ. ಶಾಲೆ ಆಮೇಲೆ ಆಲಮಟ್ಟಿ ಹಿನ್ನೀರಿಗೆ ಹೋಯಿತು, ಪುಸ್ತಕ ರದ್ದಿಗೆ ಹೋಯಿತು.

ಬರೀ ಕೈಂಡ್ ಆಗಿದ್ದವರು ನಗುವವರನ್ನು ಗದರಿಸಿ, ‘ಇರ್ಲಿ, ಕೂತ್ಕೋ’ ಅನ್ನುತ್ತಿದ್ದರು. ಅಕ್ಕೋರು ಕೂರಿಸಲಿಲ್ಲ. ಅದಕ್ಕಿರುವ ಪದ ‘ಎನ್ಕರೇಜ್’. ಅದರೊಳಗಿನ ‘ಕರೇಜ್’ ಹುಟ್ಟಿದ್ದು ಲ್ಯಾಟಿನ್ನಿನ ‘ಕೋರ್’ನಿಂದ. ಕೋರ್ ಅಂದರೆ ಹೃದಯ. ನಾವೂ ಎದೆಗಾರ, ಎದೆಗುಂದಬೇಡ ಅಂತೀವಿ. ಧೈರ್ಯದ ಜಾಗ ಅವರಿಗೂ ನಮಗೂ ಒಂದೇ.

‘ಎನ್ಕರೇಜಿಂಗ್ ಟೀಚರ್’ ಅಂತ ಬರೆದು ನೋಡಿದೆ. ತಪ್ಪಿಲ್ಲ, ಆದರೆ ಸರ್ಟಿಫಿಕೇಟಿನ ಮಾತಿನ ಹಾಗಿದೆ. ಕ್ರಿಯಾಪದವೇ ಚಲೋ. ಅದರಲ್ಲಿ ಏನು ಮಾಡಲು ಧೈರ್ಯ ಕೊಟ್ಟರು ಅನ್ನುವುದಕ್ಕೂ ಜಾಗವಿದೆ. ‘ಯೂ ಎನ್ಕರೇಜ್ಡ್ ಅಸ್ ಟು ರೀಡ್ ಆನ್.’ ‘ಟು’ ಆದಮೇಲೆ ‘ರೀಡ್’, ‘ರೀಡಿಂಗ್’ ಅಲ್ಲ. ಎರಡು ಸಲ ನೋಡಿದೆ. ಅಕ್ಕೋರು ಓದುವ ಕಾರ್ಡಿನಲ್ಲಿ ತಪ್ಪು ಇರಬಾರದು.

ಕೆಳಗೆ ಹನ್ನೊಂದು ಹೆಸರು ಬರೆದೆ. ‘ನಿಮ್ಮ ಐದನೇ ತರಗತಿ’ ಅಂತ ಕನ್ನಡದಲ್ಲಿ ಸೇರಿಸಿ, ಸೀರೆಯ ಮಡಿಕೆಯೊಳಗೆ ಇಟ್ಟಿದ್ದೇನೆ.