ಪಂಕ್ಚರ್ ಅಲ್ಲ, ತಣ್ಣೀರು

ನನ್ನ ಕೆಲಸ ನೀರಿನ ಸ್ಯಾಂಪಲ್ ತೆಗೆಯುವುದು. ಹೋದ ಮಾರ್ಚ್‌ನಲ್ಲಿ ಲಿಂಗನಮಕ್ಕಿ ಹಿನ್ನೀರಿನಲ್ಲಿ ಮೂರು ಪಾಯಿಂಟ್ ಇತ್ತು. ತಟ್ಟೆ ಇಳಿಬಿಟ್ಟು ನೀರು ಎಷ್ಟು ತಿಳಿ ಅಂತ ಅಳೆಯುವ ಸೆಚ್ಚಿ ರೀಡಿಂಗ್ ತಾವೇ ನೋಡಬೇಕು ಅಂತ ಲ್ಯಾಬ್‌ನಿಂದ ಮೇಡಂ ಕೂಡ ಬಂದಿದ್ದರು.

ಮೊದಲೆಲ್ಲ ಊರಿನವರ ದೋಣಿ ಬಾಡಿಗೆಗೆ ಹಿಡಿಯುತ್ತಿದ್ದೆವು. ಆ ಬಿಲ್ ಪಾಸ್ ಮಾಡುವುದು ತಲೆನೋವು ಅಂತ ಆಫೀಸಿನವರು ಗಾಳಿ ತುಂಬುವ ದೋಣಿ ತರಿಸಿದರು. ನಾಲ್ಕು ಕೆಜಿಯೂ ಇಲ್ಲ, ಬೆನ್ನಿನ ಚೀಲದಲ್ಲಿ ಹಿಡಿಯುತ್ತದೆ. ಹೊರುವವನು ನಾನು, ಆ ಮಟ್ಟಿಗೆ ಖುಷಿಯೇ. ಆದರೆ ತರಿಸುವ ಮೊದಲು ನಮ್ಮನ್ನು ಒಂದು ಮಾತು ಕೇಳಲಿಲ್ಲ. ಇಬ್ಬರ ತೂಕ ತಡೆಯುತ್ತದೆ ಅಂತ ಬರೆದಿದೆ ಅಲ್ವಾ, ಸಾಕು ಅಂದರು.

ಒಬ್ಬನೇ ಎಷ್ಟೋ ಸಲ ಹೋಗಿದ್ದೆ. ಇಬ್ಬರು ಕೂತಿದ್ದು ಅವತ್ತೇ ಮೊದಲು. ದೋಣಿ ಗಿಡ್ಡ, ಅಗಲ. ಒಬ್ಬನೇ ಇದ್ದರೆ ಒಂದೊಂದು ಹುಟ್ಟಿಗೂ ಮೂತಿ ಆಚೆ ಈಚೆ ತಿರುಗುತ್ತದೆ. ಮುಂದೆ ಮೇಡಂ ಕೂತಿದ್ದಕ್ಕೆ ಆ ಓಲಾಟ ಕಡಿಮೆಯಾಯಿತು. ಆದರೆ ಹುಟ್ಟು ಅವರ ಬೆನ್ನಿಗೆ ತಾಗುತ್ತಿತ್ತು. ಉದ್ದಕ್ಕೆ ಎಳೆಯುವ ಹಾಗಿಲ್ಲ, ಚಿಕ್ಕ ಚಿಕ್ಕದಾಗಿ ಹಾಕುತ್ತಾ ಹೋದೆ. ನೀರು ಕನ್ನಡಿಯ ಹಾಗಿತ್ತು.

ಎರಡನೇ ಪಾಯಿಂಟ್‌ನಲ್ಲಿ ಮೇಡಂ ನೀರಲ್ಲಿ ಕರಗಿದ ಆಮ್ಲಜನಕ ಅಳೆಯುವ ಡಿಒ ಬಾಟಲಿ ತುಂಬಿಸಿ, ಅದು ಬದಲಾಗದ ಹಾಗೆ ರಾಸಾಯನಿಕ ಹಾಕಿ ಫಿಕ್ಸ್ ಮಾಡುತ್ತಿದ್ದರು. ಆಗ ನೋಡಿದೆ, ನಾವು ಕೂತ ಜಾಗ ಕುಸಿದು ದೋಣಿಯ ಎರಡೂ ತುದಿ ಮೇಲೆದ್ದಿತ್ತು. ಟ್ಯೂಬ್ ಒತ್ತಿದೆ. ಬೆರಳು ಒಳಗೇ ಹೋಯಿತು.

ಬೇಸಿಗೆಯಲ್ಲಿ ಅಲ್ಲಿ ನೀರು ಇಳಿದಾಗ, 1964ರಲ್ಲಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಮೋಟುಗಳು ಮೇಲೆ ಕಾಣುತ್ತವೆ. ಕೆಲವು ನೀರಿನಿಂದ ಒಂದು ಗೇಣು ಕೆಳಗೇ ಇರುತ್ತವೆ. ಸ್ವಲ್ಪ ಹೊತ್ತಿನ ಮುಂಚೆ ತಳಕ್ಕೆ ಏನೋ ಸವರಿದ ಹಾಗೆ ಅನ್ನಿಸಿತ್ತು. ನನಗೆ ಅಷ್ಟೇ ಸಾಕಾಯಿತು.

"ಮೇಡಂ, ಪಂಕ್ಚರ್! ಎಡಗಡೆ ಗುಳ್ಳೆ ಬರ್ತಿದೆಯಾ ನೋಡಿ!" ಅಂತ ಕೂಗಿದೆ.

ಅವರು ಬಗ್ಗಿದರು. ಮೆತ್ತಗಿದ್ದ ಟ್ಯೂಬ್ ಅವರ ಭಾರಕ್ಕೆ ಮಡಚಿಕೊಂಡಿತು. ನೀರು ಒಳಗೆ ನುಗ್ಗಿತು. ನಾನು ಬಲಕ್ಕೆ ವಾಲಿ ಹೇಗೋ ಸಮ ಮಾಡಿದೆ. ಅವರು ಎರಡೂ ಕೈಯಲ್ಲಿ ನನ್ನ ಹುಟ್ಟನ್ನೇ ಹಿಡಿದುಕೊಂಡಿದ್ದರು. "ನಂಗೆ ಈಜು ಬರಲ್ಲ ರೀ" ಅಂದರು. ತುಂಬ ಮೆಲ್ಲಗೆ.

ಆ ಮಾತು ಈಗಲೂ ಚುಚ್ಚುತ್ತದೆ. ದಂಡೆಯಲ್ಲೇ ನಾನು ಕೇಳಬೇಕಿತ್ತು. ಇಬ್ಬರೂ ಲೈಫ್ ಜಾಕೆಟ್ ಹಾಕಿದ್ದೆವು, ಅದೊಂದು ಸರಿ ಮಾಡಿದ್ದೆ. ಆದರೆ ದೋಣಿ ವಾಲಿದರೆ ಏನು ಮಾಡಬೇಕು, ಏನು ಹಿಡಿಯಬಾರದು ಅಂತ ಒಂದು ಮಾತೂ ಹೇಳಿರಲಿಲ್ಲ. ಹೇಳಿದ್ದು ಒಂದೇ, ಬಗ್ಗಿ ನೋಡಿ ಅಂತ. ಅದೂ ತಪ್ಪು.

"ಹುಟ್ಟು ಬಿಡಿ ಮೇಡಂ. ಕಾಲು ಚಾಚಿ ನಡುವೆ ಕೂತ್ಕೊಳ್ಳಿ, ಅಲುಗಬೇಡಿ" ಅಂದೆ. ದಂಡೆ ಇನ್ನೂರು ಮೀಟರ್ ಇದ್ದಿರಬೇಕು. ಎಳೆದಷ್ಟೂ ದೋಣಿ ಒದ್ದೆ ಹಾಸಿಗೆಯ ಹಾಗೆ ಬಳುಕುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ. ಮಧ್ಯಾಹ್ನದ ಗಾಳಿ ಬೇರೆ ಏಳುತ್ತಿತ್ತು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ.

ದಡಕ್ಕೆ ಎಳೆದು ನೀರು ಚೆಲ್ಲಿ, ತೂತು ಆಮೇಲೆ ಹುಡುಕೋಣ ಅಂತ ಊಟಕ್ಕೆ ಕೂತೆವು. ಎದ್ದು ಬಂದು ನೋಡಿದರೆ ದೋಣಿ ಮತ್ತೆ ಗಟ್ಟಿಯಾಗಿತ್ತು. ಯಾರೂ ಪಂಪ್ ಮುಟ್ಟಿರಲಿಲ್ಲ. ಟ್ಯೂಬನ್ನು ನೀರಲ್ಲಿ ಅದ್ದಿ ಪೂರ್ತಿ ನೋಡಿದೆ. ಒಂದು ಗುಳ್ಳೆಯೂ ಇಲ್ಲ.

ಬೆಳಿಗ್ಗೆ ನಾನು ಗಾಳಿ ತುಂಬಿದ್ದು ಕಾದ ಬಂಡೆಯ ಮೇಲೆ. ಬಡಿದರೆ ಡೋಲಿನ ಹಾಗೆ ಸದ್ದು ಬಂತು, ಸಾಕು ಅಂತ ಹೊರಟಿದ್ದೆ. ಬಿಸಿ ಗಾಳಿ ತಣ್ಣೀರಿನ ಮೇಲೆ ಕುಗ್ಗುತ್ತದೆ. ಕಾರಿನ ಟೈರ್‌ನಲ್ಲಿ ಗಾಳಿಯ ಒತ್ತಡ ಮೂವತ್ತು ಪಿಎಸ್‌ಐ ಇರುತ್ತದೆ, ಅರ್ಧ ಪಿಎಸ್‌ಐ ಕಡಿಮೆಯಾದರೂ ಗೊತ್ತಾಗುವುದಿಲ್ಲ. ಇಂಥ ಹಗುರ ದೋಣಿಯಲ್ಲಿ ಇರುವುದೇ ಒಂದೆರಡು. ಅದರಲ್ಲಿ ಅರ್ಧ ಪಿಎಸ್‌ಐ ಹೋದರೆ ಉಳಿಯುವುದೇನು? ಒಬ್ಬನೇ ಹೋಗುವಾಗಲೂ ಮೆತ್ತಗಾಗುತ್ತಿತ್ತೋ ಏನೋ, ಭಾರ ಕಡಿಮೆ, ನನಗೆ ತಿಳಿದಿರಲಿಲ್ಲ.

ಈಗ ಮೊದಲು ದೋಣಿಯನ್ನು ನೀರಿಗೆ ಬಿಟ್ಟು, ಬಾಟಲಿಗೆ ಲೇಬಲ್ ಹಚ್ಚುವ ತನಕ ಕಾಯುತ್ತೇನೆ. ಆಮೇಲೆ ಇನ್ನೊಮ್ಮೆ ಪಂಪ್. ಇಬ್ಬರಿದ್ದರೆ ಬಾಡಿಗೆ ದೋಣಿಯೇ ಬೇಕು ಅಂತ ಆಫೀಸಿಗೆ ಬರೆದುಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಏಪ್ರಿಲ್ ರೌಂಡಿಗೂ ಮೇಡಂ ಬಂದರು. ನಾನು ಕೈ ಹಿಡಿದು ಹತ್ತಿಸಲು ಹೋದೆ. ಅವರು ತಡೀರಿ ಅಂತ ಬಗ್ಗಿ, ಹೆಬ್ಬೆಟ್ಟಿನಲ್ಲಿ ಟ್ಯೂಬನ್ನು ಎರಡೂ ಕಡೆ ಒತ್ತಿ ನೋಡಿ, ಆಮೇಲೆ ಕೂತರು.