ಗಚ್ಚಿನ ಗೋಡೆಗೆ ಸಿಮೆಂಟು

ಗೌಂಡಿ ಕಾಕಾ ಉಳಿ ಇಟ್ಟು ಒಂದೇಟು ಹೊಡೆದರು. ಅಂಗೈಯಗಲದ ಸಿಮೆಂಟು ಹಕ್ಕಳೆಯ ಹಾಗೆ ಎದ್ದು ಬಂತು. ಹಿಂದಿದ್ದ ಕೆಂಪು ಕಲ್ಲನ್ನು ಬೆರಳಲ್ಲಿ ಕೆರೆದರೆ ಕುಂಕುಮದಂತೆ ಉದುರಿತು.

“ಇದನ್ನ ಯಾರ್ ಹಚ್ಯಾರ್ರಿ?”

ನಾನೇ. ಹನ್ನೆರಡು ವರ್ಷದ ಹಿಂದೆ, ಅಜ್ಜಿ ತೀರಿಕೊಂಡ ಮೇಲೆ, ಮನೆ ಗಟ್ಟಿಯಿರಲೆಂದು ನಾನೇ ಮುಂದೆ ನಿಂತು ಮಾಡಿಸಿದ್ದು. ಬೀದರಿನ ಹಳೇ ಊರಿನಲ್ಲಿ ನಮ್ಮ ಮನೆ. ಹಿತ್ತಿಲಾಚೆ ಊರಿನ ಕೋಟೆಗೋಡೆ. ಎರಡಕ್ಕೂ ಒಂದೇ ಕಲ್ಲು, ಒಂದೇ ಗಚ್ಚು, ಅಂದರೆ ಸುಣ್ಣದ ಗಾರೆ. ಕೋಟೆಯ ಮೂರು ಸಾಲಿನ ಕಂದಕವನ್ನೂ ಈ ಕಲ್ಲಿನಲ್ಲೇ ಕಡಿದಿದ್ದಾರೆ. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಗಟ್ಟಿಯಾಗುವ ಕಲ್ಲು.

“ಈ ಕಲ್ಲು ನೀರು ಕುಡೀತದ ತಮ್ಮಾ. ಕುಡಿದದ್ದನ್ನ ಗಚ್ಚಿನ ಸಂದಿಯಿಂದ ಹೊರಗ ಬಿಡ್ತದ. ನೀ ಅದರ ಬಾಯಿ ಮುಚ್ಚಿದಿ. ಒಳಗs ಕೊಳೀತು.”

ಮನಸ್ಸು ಕುಗ್ಗಿಹೋಯಿತು. ಕಾಳಜಿಯಿಂದ ಮಾಡಿದ ಕೆಲಸವೇ ಗೋಡೆಯನ್ನು ತಿಂದಿತ್ತು.

ಬೀದರಿಗೆ ಬಂದವರು ಕೋಟೆ ನೋಡುತ್ತಾರೆ, ಬಹಮನಿ ವಜೀರ ಮಹಮೂದ್ ಗವಾನ್ ಕಟ್ಟಿಸಿದ 1472ರ ಮದರಸಾ ನೋಡುತ್ತಾರೆ. ಮಂಗಲಪೇಟ್, ಫತೇಹ್, ಶಾಹಗಂಜ್ ದರ್ವಾಜಾಗಳ ಕೆಳಗೇ ಹಾಯ್ದು ಬಂದರೂ ಊರಿಗೊಂದು ಗೋಡೆಯಿದೆ ಎಂದು ಎಷ್ಟು ಜನ ತಲೆಯೆತ್ತಿ ನೋಡುತ್ತಾರೆ? ಪಾರಂಪರಿಕ ತಾಣಗಳ ರಕ್ಷಣೆಗೆ ದುಡಿಯುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ಅಪಾಯದಲ್ಲಿರುವ ತಾಣಗಳ 2014ರ ಪಟ್ಟಿಗೆ ಸೇರಿಸಿದ್ದು ಕೋಟೆಯೊಂದನ್ನೇ ಅಲ್ಲ, ಬೀದರ್ ನಗರವನ್ನು. ಅದು ಸರಿ ಎಂದೇ ನನ್ನ ನಂಬಿಕೆ. ಜನ ಬಾಳುವ ಓಣಿಗಳಿಂದಲೇ ಈ ಗೋಡೆಗೆ ಅರ್ಥ.

ಸಿಮೆಂಟು ಕಿತ್ತು ಮತ್ತೆ ಗಚ್ಚನ್ನೇ ಬಳಿಯುವುದೆಂದಾಯಿತು. ಸುಣ್ಣ ನೆನೆಹಾಕಿ ಹದಕ್ಕೆ ಬರಲು ದಿನಗಳೇ ಹಿಡಿದವು. ಮರಳು, ಇಟ್ಟಿಗೆ ಪುಡಿ, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ. ಕಾಕಾ ಮಾತಿಲ್ಲದೆ ಅರೆಯುತ್ತಿದ್ದರು, ನಡುನಡುವೆ ಚಿಟಿಕೆ ತೆಗೆದು ಉಜ್ಜಿ ನೋಡುತ್ತಿದ್ದರು. ಬಳಿದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಮುಂಜಾನೆ ಸಂಜೆ ನೀರು ಚಿಮುಕಿಸುವ ಕೆಲಸ ನನ್ನದು. ಸಿಮೆಂಟಿನ ಅವಸರಕ್ಕೆ ಒಗ್ಗಿದ್ದ ನನಗೆ ಆ ಕಾಯುವಿಕೆ ಹೊಸದು.

ಕೊನೆಯ ದಿನ ಕಾಕಾ ಕೋಟೆಗೋಡೆಯ ಬುಡ ತೋರಿಸಿದರು. ಪಕ್ಕದ ಮನೆಯ ಬಚ್ಚಲ ನೀರು ನೇರ ಅಲ್ಲಿಗೇ ಬೀಳುತ್ತಿತ್ತು. ಸಂಜೆ ಅವರ ಮನೆಗೆ ಹೋದೆ. ನನ್ನ ತಪ್ಪಿನಿಂದಲೇ ಮಾತು ಶುರುಮಾಡಿ, ಉದುರಿದ ಕಲ್ಲಿನ ಪುಡಿಯನ್ನು ತೋರಿಸಿದೆ. ಅಲ್ಲಿನ ಚಾಚಾ ಅದನ್ನು ಅಂಗೈಯಲ್ಲಿ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮರುದಿನ ಇಬ್ಬರೂ ಸೇರಿ ಪೈಪು ಹಾಕಿಸಿದೆವು.

ಈಗ ಆ ನೀರು ಚರಂಡಿಗೆ ಹೋಗುತ್ತಿದೆ. ಬುರುಜಿನ ಬಿರುಕಿನಲ್ಲಿರುವ ಅರಳಿ ಸಸಿಯನ್ನು ನಾವಾಗಿ ಕೀಳುವಂತಿಲ್ಲ. ಬೇರು ಕಲ್ಲನ್ನೂ ಎಳೆದುಕೊಂಡು ಬರುತ್ತದೆ. ಈ ಮಳೆಗೆ ಅದು ಮತ್ತೆ ಚಿಗುರಿದೆ.